ನಿಲ್ದಾಣ ಯಾರಿಗಾಗಿ?

ಅಹಮದಾಬಾದಿನ ಸಾಬರಮತಿಯಲ್ಲಿ ಅತಿವೇಗದ ರೈಲಿಗಾಗಿ ಒಂದು ಭಾರಿ ಕಟ್ಟಡ ಎದ್ದು ನಿಂತಿದೆ. ಅದರ ಮುಂಭಾಗದಲ್ಲಿ ತುಕ್ಕು ಹಿಡಿಯದ ಉಕ್ಕಿನಿಂದ ದಂಡಿ ಯಾತ್ರೆಯ ಚಿತ್ರವನ್ನು ಮೂಡಿಸಿದ್ದಾರೆ. 1930ರ ಮಾರ್ಚ್ 12ರಂದು ಇದೇ ಸಾಬರಮತಿಯಿಂದ ಕೋಲೂರಿಕೊಂಡು ಹೊರಟ ಗಾಂಧೀಜಿ ಹಿಡಿ ಉಪ್ಪಿಗಾಗಿ ಕಡಲತಡಿಯವರೆಗೂ ನಡೆದೇ ಹೋದರು. ಅದಕ್ಕೂ ಮುಂಚೆ, 1917ರಲ್ಲಿ, ಮೂರನೆಯ ದರ್ಜೆಯ ಡಬ್ಬಿಗಳಲ್ಲಿ ತಾವೇ ಕುಳಿತು ಊರೂರು ಸುತ್ತಿ, ಅಲ್ಲಿಯ ಕೊಳಕನ್ನೂ ನೂಕುನುಗ್ಗಲನ್ನೂ ಕುರಿತು ಒಂದು ಕಿರುಹೊತ್ತಗೆಯನ್ನೇ ಬರೆದವರು ಅವರು. ನಡೆದುಹೋದವನ ಚಿತ್ರ ಗೋಡೆಯ ಮೇಲೇರಿದೆ. ನಡೆದು ಬರುವವನಿಗೆ ಆ ಗೋಡೆಯ ಒಳಗೆ ಜಾಗ ಇದೆಯೇ ಎಂಬುದೇ ಈ ವಾರ ನಾವು ಕೇಳಬೇಕಾಗಿರುವ ಪ್ರಶ್ನೆ.

ಮುಂಬಯಿ–ಅಹಮದಾಬಾದ್ ನಡುವೆ 508 ಕಿಲೋಮೀಟರ್ ಉದ್ದದ ಈ ಮಾರ್ಗಕ್ಕೆ 2017ರ ಸೆಪ್ಟೆಂಬರ್ 14ರಂದು ಭಾರತ ಮತ್ತು ಜಪಾನಿನ ಪ್ರಧಾನಮಂತ್ರಿಗಳಿಬ್ಬರೂ ಸೇರಿ ಅಡಿಗಲ್ಲಿಟ್ಟರು. ಗಂಟೆಗೆ 320 ಕಿಲೋಮೀಟರ್ ವೇಗ, 12 ನಿಲ್ದಾಣಗಳು, ಮೊದಲ ಅಂದಾಜಿನಂತೆ 1 ಲಕ್ಷ 8 ಸಾವಿರ ಕೋಟಿ ರೂಪಾಯಿ ಖರ್ಚು. ಇದರಲ್ಲಿ ನೂರಕ್ಕೆ 81 ಪಾಲು ಜಪಾನಿನ ಸಾಲ. ಬಡ್ಡಿ ಶೇಕಡಾ 0.1 ಮಾತ್ರ, ತೀರಿಸಲು 50 ವರ್ಷದ ವಾಯಿದೆ ಎಂದು ಹೇಳಿ ನಮ್ಮನ್ನು ಸಮಾಧಾನಪಡಿಸಿದ್ದಾರೆ. ಆದರೆ ಸಾಲ ಇರುವುದು ಯೆನ್ನಿನಲ್ಲಿ, ದುಡಿಮೆ ಇರುವುದು ರೂಪಾಯಿಯಲ್ಲಿ. 50 ವರ್ಷದಲ್ಲಿ ರೂಪಾಯಿ ಎಷ್ಟು ಇಳಿದರೂ ಆ ಹೊರೆಯನ್ನು ಹೊರಬೇಕಾದವರು ಬೆಂಕಿಪೆಟ್ಟಿಗೆಗೂ ಸಾಬೂನಿಗೂ ತೆರಿಗೆ ಕೊಡುವ ನಾವು ನೀವೇ. ದುಡ್ಡು ನಮ್ಮದಾದ ಮೇಲೆ, ನಿಲ್ದಾಣ ಎಲ್ಲಿರಬೇಕು, ಹೇಗಿರಬೇಕು ಎಂದು ಕೇಳುವ ಹಕ್ಕೂ ನಮ್ಮದೇ.

ಗುಜರಾತಿನ ಮಾತು ನಮಗೇಕೆ ಎನ್ನಬೇಡಿ. ಕೇಂದ್ರ ಸರಕಾರ ಪರಿಶೀಲನೆಗೆ ಎತ್ತಿಕೊಂಡಿರುವ ಅತಿವೇಗದ ಮಾರ್ಗಗಳ ಪಟ್ಟಿಯಲ್ಲಿ ಚೆನ್ನೈ–ಬೆಂಗಳೂರು–ಮೈಸೂರು ಮಾರ್ಗದ ಹೆಸರೂ ಇದೆ. ಇಂದು ಸೂರತ್ತಿನ ರೈತನ ಹೊಲದಲ್ಲಿ ನೆಟ್ಟ ಕಲ್ಲನ್ನು ನಾಳೆ ಮಂಡ್ಯದ ಗದ್ದೆಯಲ್ಲಿ ನೆಡಬಹುದು. ನಕ್ಷೆ ಮುಗಿದು, ಗುತ್ತಿಗೆ ಹಂಚಿ, ಸಿಮೆಂಟು ಸುರಿದ ಮೇಲೆ ಬೊಬ್ಬೆ ಹಾಕಿದರೆ ಫಲವಿಲ್ಲ. ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಜನ ಬಾಯಿ ಬಿಡಬೇಕು.

ಈಗ ಎಲ್ಲ ನಿಲ್ದಾಣಗಳಿಗೂ "ಸುಸ್ಥಿರ" ಎಂಬ ವಿಶೇಷಣವನ್ನು ಅಂಟಿಸುವುದು ವಾಡಿಕೆಯಾಗಿದೆ. ಮಾಳಿಗೆಯ ಮೇಲೆ ನಾಲ್ಕು ಸೌರಫಲಕ, ಬಾಗಿಲಲ್ಲಿ ಎರಡು ಕುಂಡ, ಗೋಡೆಯಲ್ಲೊಂದು ಹಸಿರು ಪ್ರಶಸ್ತಿಪತ್ರ ಇಷ್ಟಾದರೆ ಸುಸ್ಥಿರವಾಯಿತು ಎಂದು ನಂಬಿಸುತ್ತಾರೆ. ನಾವು ಈ ಮಾತಿನ ವಿರೋಧಿಗಳಲ್ಲ. ಆದರೆ ಅದರ ಅರ್ಥವನ್ನು ಗುತ್ತಿಗೆದಾರರ ಕೈಗೆ ಬಿಟ್ಟುಕೊಡಲು ಸಿದ್ಧರಿಲ್ಲ. ಬಂದ ಜನವನ್ನು ಜೀವಸಹಿತ ಹೊರಗೆ ಕಳುಹಿಸುವ ನಿಲ್ದಾಣ, ನೆಲ ನೀರು ಗಾಳಿಗಳನ್ನು ಮೊಮ್ಮಕ್ಕಳಿಗೂ ಉಳಿಸುವ ನಿಲ್ದಾಣ, ಸುತ್ತಲಿನ ಬಡವರ ಅನ್ನಕ್ಕೆ ಕಲ್ಲು ಹಾಕದ ನಿಲ್ದಾಣ, ಇದೇ ನಮ್ಮ ಅರ್ಥದಲ್ಲಿ ಸುಸ್ಥಿರ.

ಮೊದಲನೆಯದು ಜೀವದ ಮಾತು. ಸಾಬರಮತಿಯಲ್ಲಿ ಅಡಿಗಲ್ಲು ಬಿದ್ದು ಸರಿಯಾಗಿ 15 ದಿನಕ್ಕೆ, 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯ ಮೇಲೆ ಮಳೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಅದು ಯಾವ ಜಾಗವೆಂದು ಗಿರಣಿಯ ಗೆಳೆಯರಿಗೆ ಹೇಳಬೇಕಾಗಿಲ್ಲ. ಪರೇಲ್, ಲೋವರ್ ಪರೇಲ್ ಎಂದರೆ ಮುಂಬಯಿಯ ಬಟ್ಟೆ ಗಿರಣಿಗಳ ಹೃದಯ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದ್ದು ಅಲ್ಲೇ. ಮುಷ್ಕರ ಮುರಿದುಬಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದ ಮೇಲೆ ಗಾಜಿನ ಗೋಪುರಗಳೂ ಕಚೇರಿಗಳೂ ಎದ್ದವು. ನೆಲದ ಬೆಲೆ ಆಕಾಶಕ್ಕೇರಿತು, ಬರುವ ಜನ ಹಲವು ಪಟ್ಟಾದರು. ಆದರೆ ಮೆಟ್ಟಿಲು ಮಾತ್ರ ಹಳೆಯ ಕಾಲದ್ದೇ ಉಳಿಯಿತು. ಕೋಟಿಗಟ್ಟಲೆ ಲಾಭ ಎಣಿಸಿದವರಲ್ಲಿ ಒಬ್ಬನಿಗೂ ಆ ಮೆಟ್ಟಿಲನ್ನು ಅಗಲ ಮಾಡಿಸಬೇಕೆಂದು ತೋಚಲಿಲ್ಲ. 23 ಹೆಣ ಬಿದ್ದ ಮೇಲೆ ಸೈನ್ಯವನ್ನು ಕರೆಸಿ, 2018ರ ಫೆಬ್ರವರಿಯೊಳಗೆ ಹೊಸ ಸೇತುವೆ ಕಟ್ಟಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಐದು ತಿಂಗಳಲ್ಲಿ ಆಗುವ ಕೆಲಸ ಅಷ್ಟು ವರ್ಷ ಏಕೆ ಆಗಿರಲಿಲ್ಲ? ಆ ಸೇತುವೆಯ ಮೇಲೆ ನಡೆಯುತ್ತಿದ್ದವರು ಎಣಿಕೆಗೆ ಬಾರದ ಜನ, ಅದಕ್ಕೆ.

ಪಾಠ ಕಲಿತೆವೇ? 2025ರ ಫೆಬ್ರವರಿ 15ರ ರಾತ್ರಿ ಹೊಸದಿಲ್ಲಿಯ ನಿಲ್ದಾಣದಲ್ಲೇ, ಕುಂಭಮೇಳಕ್ಕೆ ಹೊರಟ ಜನರ ನಡುವೆ, ಮತ್ತೆ ಕಾಲ್ತುಳಿತವಾಗಿ 18 ಜನ ಸತ್ತರು. ರಾಜಧಾನಿಯ ಮೆಟ್ಟಿಲ ಮೇಲೇ ಜನ ಸಾಯುವ ದೇಶದಲ್ಲಿ, ನಿಲ್ದಾಣದ ವಿನ್ಯಾಸವೆಂದರೆ ಮೊಟ್ಟಮೊದಲು ಮೆಟ್ಟಿಲಿನ ಅಗಲ, ಬಾಗಿಲಿನ ಸಂಖ್ಯೆ, ಜನ ನಿಲ್ಲಲು ನೆರಳಿರುವ ಬಯಲು. ಮುಖಮಂಟಪದ ಚಿತ್ತಾರ ಆಮೇಲಿನ ಮಾತು.

ಎರಡನೆಯದು ಜಾಗದ ಮಾತು. ವೇಗದ ರೈಲು ನೇರ ದಾರಿಯನ್ನು ಬಯಸುತ್ತದೆ. ಊರೊಳಗೆ ನೆಲ ದುಬಾರಿ, ತಿರುವು ಹೆಚ್ಚು. ಆದ್ದರಿಂದ ನಿಲ್ದಾಣವನ್ನು ಊರಾಚೆಗೆ ನೂಕುವುದು ಎಂಜಿನಿಯರಿಗೆ ಸುಲಭ. ಫ್ರಾನ್ಸಿನಲ್ಲಿ ಹೀಗೆಯೇ ಮಾಡಿದರು. 1994ರಲ್ಲಿ ಪಿಕಾರ್ಡಿ ಸೀಮೆಯಲ್ಲಿ ಅಮಿಯೆನ್ ಮತ್ತು ಸಾನ್ ಕಾಂತಾನ್ ಎಂಬ ಎರಡು ಪಟ್ಟಣಗಳ ನಡುವೆ, ಎರಡಕ್ಕೂ ದೂರವಾಗಿ, ಬೀಟ್‌ರೂಟ್ ಹೊಲಗಳ ನಡುವೆ ಒಂದು ನಿಲ್ದಾಣ ತೆರೆದರು. ಹಳೆಯ ರೈಲುದಾರಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಲ್ಲಿಯ ಜನ ನಗೆಯಾಡಿ ಅದಕ್ಕೆ "ಬೀಟ್‌ರೂಟ್ ನಿಲ್ದಾಣ" ಎಂದು ಹೆಸರಿಟ್ಟರು. ಆ ಹೆಸರೇ ನಿಂತುಹೋಯಿತು.

ನಮ್ಮ ಸೂರತ್ತಿನ ಅತಿವೇಗದ ನಿಲ್ದಾಣವನ್ನೂ ಊರೊಳಗಿನ ಹಳೆಯ ನಿಲ್ದಾಣದ ಬಳಿ ಕಟ್ಟಿಲ್ಲ. ಊರ ಹೊರಗಿನ ಅಂತ್ರೋಲಿಯಲ್ಲಿ ಕಟ್ಟಿದ್ದಾರೆ. ವಜ್ರದ ವ್ಯಾಪಾರಕ್ಕೆ ಹೆಸರಾದ ಊರೆಂದು ಅದರ ಮುಂಭಾಗಕ್ಕೆ ವಜ್ರದ ಮಾದರಿಯ ವಿನ್ಯಾಸ ಮಾಡಿದ್ದಾರೆ. ಸೂರತ್ತಿನಲ್ಲಿ ವಜ್ರ ಕೊಳ್ಳುವವರಿಗಿಂತ ವಜ್ರಕ್ಕೆ ಸಾಣೆ ಹಿಡಿಯುವವರು ಹೆಚ್ಚು, ಅವರ ಜೊತೆಗೆ ಒಡಿಶಾದಿಂದ ಬಂದು ವಿದ್ಯುತ್ ಮಗ್ಗಗಳ ಗದ್ದಲದಲ್ಲಿ ಕಿವಿ ಕಳೆದುಕೊಳ್ಳುವವರು ಸಾವಿರ ಸಾವಿರ ಇದ್ದಾರೆ ಎಂಬುದು ಆ ವಿನ್ಯಾಸದಲ್ಲಿ ಕಾಣುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಗಂಟೆಗೆ 320 ಕಿಲೋಮೀಟರ್ ಓಡುವ ರೈಲು 16 ಕಿಲೋಮೀಟರನ್ನು ಮೂರು ನಿಮಿಷದಲ್ಲಿ ದಾಟುತ್ತದೆ. ಊರೊಳಗಿನ ದಟ್ಟಣೆಯಲ್ಲಿ ಆಟೋರಿಕ್ಷಾ ಅಷ್ಟೇ ದೂರವನ್ನು ಮುಟ್ಟಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಸಾವಿರಾರು ಕೋಟಿ ಸುರಿದು ಹಳಿಯ ಮೇಲೆ ಉಳಿಸಿದ ಹೊತ್ತನ್ನು ರಸ್ತೆಯ ಮೇಲೆ ಚೆಲ್ಲಿದರೆ ಅದೇನು ವೇಗ? ಜೇಬಿನಲ್ಲಿ ಕಾರಿನ ಕೀಲಿ ಇದ್ದವನಿಗೆ ಮಾತ್ರ ಅದು ವೇಗ. ಆ ಕಾರುಗಳ ಹೊಗೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹಸಿರು ಪ್ರಶಸ್ತಿಪತ್ರದ ಬಣ್ಣ ಮಾಸುತ್ತದೆ.

ಇಂದು ಹೊಲವಾಗಿದ್ದದ್ದು ನಾಳೆ ಊರಾಗುತ್ತದೆ, ಜಪಾನಿನ ಶಿನ್-ಯೊಕೊಹಾಮಾ ನಿಲ್ದಾಣ 1964ರಲ್ಲಿ ಗದ್ದೆಗಳ ನಡುವೆ ಇದ್ದದ್ದು ಈಗ ದೊಡ್ಡ ಪೇಟೆಯಾಗಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ವಾದದಲ್ಲಿ ಸತ್ಯವಿದೆ. ಆದರೆ ಹೊಲ ಪೇಟೆಯಾಗುವಾಗ ಏರುವ ಬೆಲೆ ಯಾರ ಕೈಗೆ ಹೋಗುತ್ತದೆ? ನಕ್ಷೆಯ ಸುಳಿವು ಮೊದಲೇ ಸಿಕ್ಕವನು ರೈತನಿಂದ ಎಕರೆ ಲೆಕ್ಕದಲ್ಲಿ ಕೊಂಡು ಚದರಡಿ ಲೆಕ್ಕದಲ್ಲಿ ಮಾರುತ್ತಾನೆ. ಸಾರ್ವಜನಿಕರ ಸಾಲದಿಂದ ಹುಟ್ಟಿದ ಬೆಲೆ ಸಾರ್ವಜನಿಕರ ಬೊಕ್ಕಸಕ್ಕೇ ಬರಬೇಕು ಎನ್ನುವುದು ಸಮಾಜವಾದದ ಮೊದಲ ಪಾಠ. 2013ರ ಭೂಸ್ವಾಧೀನ ಕಾನೂನು ನೆಲ ತೆಗೆದುಕೊಳ್ಳುವ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನವಾಗಬೇಕೆಂದು ಹೇಳಿತ್ತು. ಗುಜರಾತ್ ಸರಕಾರ 2016ರಲ್ಲಿ ತಿದ್ದುಪಡಿ ತಂದು ಇಂಥ ಯೋಜನೆಗಳಿಗೆ ಅದರಿಂದ ವಿನಾಯಿತಿ ಕೊಡುವ ದಾರಿ ಮಾಡಿಕೊಂಡಿತು. ರೈತರು ಹೈಕೋರ್ಟಿಗೆ ಹೋದರು. 2019ರ ಸೆಪ್ಟೆಂಬರಿನಲ್ಲಿ ಅವರ ಅರ್ಜಿಗಳು ವಜಾ ಆದವು. ಪರಿಣಾಮವನ್ನು ಅಳೆಯಲು ಹೆದರುವವರು ಸುಸ್ಥಿರತೆಯ ಮಾತಾಡುವುದು ತಕ್ಕಡಿಯನ್ನು ಬಚ್ಚಿಟ್ಟು ತೂಕದ ಆಣೆ ಹಾಕಿದಂತೆ. ನಮ್ಮ ವರ್ತಕ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ಕಟ್ಟಡದ ಮಾತು. ಮುಂಬಯಿಯ ಬಾಂದ್ರಾ–ಕುರ್ಲಾ ನಿಲ್ದಾಣ ಪೂರ್ತಿಯಾಗಿ ನೆಲದಡಿಯಲ್ಲಿದೆ. ಪ್ಲಾಟ್‌ಫಾರಂ ಇರುವುದು ಸುಮಾರು 24 ಮೀಟರ್ ಆಳದಲ್ಲಿ, ಎಂಟು ಅಂತಸ್ತಿನ ಮನೆಯನ್ನು ತಲೆಕೆಳಗಾಗಿ ಹೂತಂತೆ. ಅಂಥ ಜಾಗದಲ್ಲಿ ಹಗಲಿಗೂ ದೀಪ ಬೇಕು, ಉಸಿರಿಗೂ ಯಂತ್ರ ಬೇಕು. ಇಳಿಯಲು ಹತ್ತಲು ವಿದ್ಯುತ್ತಿನ ಮೆಟ್ಟಿಲು ಬೇಕು. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿರುವಾಗ ಈ ಖರ್ಚು ನಿತ್ಯದ ಖರ್ಚು. ನೆಲದಡಿಗೆ ಹೋಗದೆ ವಿಧಿಯಿಲ್ಲದ ಊರುಗಳು ಇರಬಹುದು. ಆದರೆ ವಿಧಿಯಿಲ್ಲವೆಂಬುದನ್ನು ಮೊದಲು ಲೆಕ್ಕ ಸಹಿತ ಜನರ ಮುಂದೆ ತೋರಿಸಬೇಕು. ಒಂದು ಟನ್ ಸಿಮೆಂಟು ತಯಾರಾಗುವಾಗ ಅರ್ಧ ಟನ್ನಿಗೂ ಮೀರಿ ಇಂಗಾಲಾಮ್ಲ ಗಾಳಿಗೆ ಸೇರುತ್ತದೆ. ಆದುದರಿಂದ ಕಡಮೆ ಸಿಮೆಂಟಿನಲ್ಲಿ ಕಟ್ಟಿದ ಸಾದಾ ನಿಲ್ದಾಣವೇ, ಸಿಮೆಂಟು ಸುರಿದು ಮೇಲೆ ಸೌರಫಲಕ ಹೊದಿಸಿದ ಅರಮನೆಗಿಂತ ಎಷ್ಟೋ ವೇಳೆ ಹೆಚ್ಚು ಹಸಿರು.

ಸಾದಾ ಎಂದರೆ ದರಿದ್ರವೆಂದಲ್ಲ. ಎತ್ತರದ ಮಾಡು, ಗಾಳಿ ಹಾಯುವ ಜಾಲಂಧ್ರ, ಅಗಲವಾದ ಸೂರು, ಹಗಲಿನ ಬೆಳಕು, ಇವುಗಳನ್ನು ಬಲ್ಲ ಕುಶಲಿಗಳು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಇದ್ದಾರೆ. ಹತ್ತು ಸಾವಿರ ಚದರ ಮೀಟರಿನ ಮಾಡಿನ ಮೇಲೆ ನಮ್ಮ ಬಯಲುಸೀಮೆಯ 600 ಮಿಲಿಮೀಟರ್ ಮಳೆ ಬಿದ್ದರೂ 60 ಲಕ್ಷ ಲೀಟರ್ ನೀರಾಗುತ್ತದೆ. ಅದನ್ನು ಹಿಡಿದಿಡುವ ತೊಟ್ಟಿಯಿದ್ದರೆ ನಿಲ್ದಾಣದ ಕಕ್ಕಸುಗಳನ್ನು ತೊಳೆಯಲು ಊರಿನ ಕುಡಿಯುವ ನೀರನ್ನು ಕದಿಯಬೇಕಾಗಿಲ್ಲ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ಬಳಿ ಪ್ಯಾರಿಸ್–ಆಮ್‌ಸ್ಟರ್‌ಡ್ಯಾಂ ವೇಗದ ಹಳಿಯ ಮೇಲೆ, ಕಾಡಿನ ಮರ ರೈಲಿನ ಮೇಲೆ ಬೀಳದಿರಲೆಂದು ಸುರಂಗದಂಥ ಚಾವಣಿ ಕಟ್ಟಿದ್ದರು. 2011ರಲ್ಲಿ ಅದೇ ಚಾವಣಿಯ ಮೇಲೆ 16,000 ಸೌರಫಲಕಗಳನ್ನು ಹಾಸಿ ವಿದ್ಯುತ್ ತೆಗೆದರು. ಮರವೂ ಉಳಿಯಿತು, ವಿದ್ಯುತ್ತೂ ಬಂತು. ಹಾಲೆಂಡಿನ ರಾಟರ್‌ಡ್ಯಾಂನಲ್ಲಿ 2014ರಲ್ಲಿ ಹೊಸದಾಗಿ ತೆರೆದ ವೇಗದ ರೈಲಿನ ನಿಲ್ದಾಣದ ಮಾಡಿನ ಮೇಲೂ ಸೌರಫಲಕಗಳಿವೆ. ಆದರೆ ಗಮನಿಸಬೇಕಾದದ್ದು ಅದರ ಕೆಳಗೆ ಇರುವುದನ್ನು: 5,000ಕ್ಕೂ ಹೆಚ್ಚು ಸೈಕಲ್ಲುಗಳ ನಿಲುಗಡೆ. ಅದೇ ದೇಶದ ಉಟ್ರೆಕ್ಟ್ ನಿಲ್ದಾಣದಲ್ಲಿ 2019ರ ಹೊತ್ತಿಗೆ 12,500 ಸೈಕಲ್ಲು ನಿಲ್ಲಿಸುವ ಜಾಗವಾಯಿತು. ಶ್ರೀಮಂತ ದೇಶ ಸೈಕಲ್ಲಿಗೆ ನಿಲ್ದಾಣದ ಗರ್ಭಗುಡಿಯಲ್ಲಿ ಜಾಗ ಕೊಡುತ್ತದೆ. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವ ಗಿರಣಿಯ ಕೂಲಿಗೆ ನಮ್ಮಲ್ಲಿ ಸಿಗುವುದು ಕಾಂಪೌಂಡಿನ ಹೊರಗಿನ ಬೇಲಿ.

ಹುಬ್ಬಳ್ಳಿಯಲ್ಲಿ 2023ರ ಮಾರ್ಚಿನಲ್ಲಿ 1,507 ಮೀಟರ್ ಉದ್ದದ, ಲೋಕದಲ್ಲೇ ಅತಿ ಉದ್ದವಾದ ಪ್ಲಾಟ್‌ಫಾರಂ ಉದ್ಘಾಟನೆಯಾಯಿತು. ಗಾಡಿಗಳ ಓಡಾಟಕ್ಕೆ ಅದರಿಂದ ಅನುಕೂಲವಿದೆ, ಅಲ್ಲಗಳೆಯುವುದಿಲ್ಲ. ಆದರೆ ತಲೆಯ ಮೇಲೆ ಗಂಟು, ಸೊಂಟದ ಮೇಲೆ ಮಗು ಇಟ್ಟುಕೊಂಡ ತಾಯಿಗೆ ಆ ದಾಖಲೆ ಎಂದರೆ ಹೆಚ್ಚುಕಡಮೆ ಒಂದು ಮೈಲಿ ನಡಿಗೆ. ನಿಲ್ದಾಣವನ್ನು ಅಳೆಯುವ ಕೋಲು ಆ ತಾಯಿಯ ಹೆಜ್ಜೆಯಾಗಬೇಕು.

ಜನ ಕೇಳಿದರೆ ನಕ್ಷೆ ಬದಲಾಗುವುದಿಲ್ಲ ಎನ್ನುವ ನಿರಾಶೆ ಬೇಡ. ಠಾಣೆಯ ಅತಿವೇಗದ ನಿಲ್ದಾಣಕ್ಕಾಗಿಯೂ ದಾರಿಗಾಗಿಯೂ ಖಾರಿಯ ಅಂಚಿನ ಸುಮಾರು 53,000 ಕಾಂಡ್ಲಾ ಗಿಡಗಳು ಬಲಿಯಾಗಬೇಕಿತ್ತು. ಕೂಗೆದ್ದಿತು. ಆಗ ವಾಹನ ನಿಲುಗಡೆಯನ್ನೂ ಪ್ರಯಾಣಿಕರ ಪ್ರಾಂಗಣವನ್ನೂ ಕಾಂಡ್ಲಾ ನೆಲದಿಂದ ಆಚೆ ಸರಿಸಿ ಸಂಖ್ಯೆಯನ್ನು 32,000ಕ್ಕೆ ಇಳಿಸಿದೆವೆಂದು 2019ರಲ್ಲಿ ಅಧಿಕಾರಿಗಳೇ ಹೇಳಿದರು. 2022ರ ಡಿಸೆಂಬರಿನಲ್ಲಿ ಮುಂಬಯಿ ಹೈಕೋರ್ಟು ಅನುಮತಿ ಕೊಡುವ ಹೊತ್ತಿಗೆ ಅದು ಸುಮಾರು 22,000ಕ್ಕೆ ಇಳಿದಿತ್ತು. ಪೆನ್ಸಿಲಿನ ಗೆರೆ ಅಷ್ಟು ಸರಿದದ್ದಕ್ಕೆ ಸುಮಾರು 31,000 ಗಿಡ ಉಳಿದವು. ಮೊದಲ ದಿನವೇ ಗೆರೆಯನ್ನು ಅಲ್ಲಿ ಎಳೆಯಬಹುದಿತ್ತಲ್ಲವೇ? ಎಳೆಯಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ.

ಕೇಳುವವರ ಬಾಯಿ ಮುಚ್ಚಿಸಿದರೆ ಏನಾಗುತ್ತದೆಂಬುದಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್ ಸಾಕ್ಷಿ. ಅಲ್ಲಿ ಹಳೆಯ ನಿಲ್ದಾಣವನ್ನು ನೆಲದಡಿಗೆ ಇಳಿಸಲು ಉದ್ಯಾನದ ಹಳೆಯ ಮರಗಳನ್ನು ಕಡಿಯಹೊರಟಾಗ ಜನ ಅಡ್ಡ ನಿಂತರು. 2010ರ ಸೆಪ್ಟೆಂಬರ್ 30ರಂದು ಪೊಲೀಸರು ಜಲಫಿರಂಗಿ ಹಾರಿಸಿದರು. ನೂರಕ್ಕೂ ಮಿಕ್ಕಿ ಜನ ಗಾಯಗೊಂಡರು, ಒಬ್ಬ ವೃದ್ಧರ ಕಣ್ಣೇ ಹೋಯಿತು. ಪೊಲೀಸರ ಆ ನಡತೆ ಕಾನೂನುಬಾಹಿರವೆಂದು 2015ರಲ್ಲಿ ನ್ಯಾಯಾಲಯವೇ ಹೇಳಿತು. ನಡುವೆ 2011ರಲ್ಲಿ ಜನಮತ ತೆಗೆದುಕೊಂಡರು, ಹೆಚ್ಚು ಮತ ಯೋಜನೆಯ ಕಡೆಗೇ ಬಿತ್ತು. ಒಪ್ಪಬೇಕು. ಆದರೆ ಜನಮತವನ್ನು ಮರ ಕಡಿಯುವ ಮೊದಲು ತೆಗೆದುಕೊಳ್ಳಬೇಕಿತ್ತು. 2019ಕ್ಕೆ ಮುಗಿಯಬೇಕಿದ್ದ ಕೆಲಸ ಆ ವರ್ಷ ಮುಗಿಯಲಿಲ್ಲ, ಖರ್ಚು 1,100 ಕೋಟಿ ಯೂರೋ ದಾಟಿತು.

ಸಣ್ಣ ವರ್ತಕರ ಮಾತಿಗೆ ಬರೋಣ. ಹಳೆಯ ನಿಲ್ದಾಣದ ಸುತ್ತ ಚಹಾದ ಗೂಡಂಗಡಿ, ಹಣ್ಣಿನ ಗಾಡಿ, ಹೂವಿನ ಬುಟ್ಟಿ, ಬೀಗ ರಿಪೇರಿಯವನು, ಸಾವಿರ ಹೊಟ್ಟೆ ಹೊರೆಯುವ ಒಂದು ಪೇಟೆ ತಾನಾಗಿ ಬೆಳೆದಿರುತ್ತದೆ. ಹೊಸ ನಿಲ್ದಾಣದ ನಕ್ಷೆಯಲ್ಲಿ ಅದರ ಗುರುತಿಲ್ಲ. ಒಳಗಿನ ಮಹಡಿಯನ್ನೆಲ್ಲ ಒಬ್ಬ ದೊಡ್ಡ ಕಂಪೆನಿಗೆ ಹರಾಜಿನಲ್ಲಿ ಕೊಟ್ಟರೆ, ಅವನು ಒಂದು ಲೋಟ ಚಹಾಕ್ಕೆ ನಮ್ಮ ಅರ್ಧ ದಿನದ ಕೂಲಿ ಕೇಳುತ್ತಾನೆ. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಒಳ್ಳೆಯ ಕಾನೂನು. ಆದರೆ ಅದರ ಮೊದಲ ಕಲಮಿನಲ್ಲೇ ರೈಲ್ವೆಯ ನೆಲಕ್ಕೂ ಕಟ್ಟಡಕ್ಕೂ ಗಾಡಿಗಳಿಗೂ ಈ ಕಾನೂನು ಅನ್ವಯಿಸುವುದಿಲ್ಲ ಎಂದು ಬರೆದಿಟ್ಟರು. ಪುರಸಭೆಯ ರಸ್ತೆಯಲ್ಲಿ ಹಕ್ಕುಳ್ಳ ವ್ಯಾಪಾರಿ ನಾಲ್ಕು ಹೆಜ್ಜೆ ಮುಂದಿಟ್ಟು ರೈಲ್ವೆ ಗಡಿಯೊಳಗೆ ಕಾಲಿಟ್ಟರೆ ಅಪರಾಧಿಯಾಗುತ್ತಾನೆ! ಈ ಕಲಮು ಹೋಗದೆ ಯಾವ ನಿಲ್ದಾಣವೂ ನಮ್ಮ ಪಾಲಿಗೆ ಸುಸ್ಥಿರವಾಗದು.

ಸಮಾಜವಾದಿಗಳು ಅಭಿವೃದ್ಧಿಯ ವಿರೋಧಿಗಳೆಂದು ಆಳುವವರು ಬೊಟ್ಟು ಮಾಡುತ್ತಾರೆ. ಇತಿಹಾಸ ಬೇರೆ ಹೇಳುತ್ತದೆ. 1977ರಲ್ಲಿ ಸಮಾಜವಾದಿ ಮಧು ದಂಡವತೆ ರೈಲ್ವೆ ಮಂತ್ರಿಯಾದಾಗ ಎರಡನೆಯ ದರ್ಜೆಯ ಬರೀ ಮರದ ಹಲಗೆಗಳ ಮೇಲೆ ಎರಡು ಅಂಗುಲದ ಮೆತ್ತೆ ಹಾಕಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಮುಂಬಯಿ–ಹೌರಾ ನಡುವೆ ದರ್ಜೆಭೇದವಿಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ಸನ್ನು ಓಡಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1989–90ರಲ್ಲಿ ಅದೇ ಖಾತೆ ವಹಿಸಿಕೊಂಡು ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು. 1998ರ ಜನವರಿ 26ರಂದು ಆ ಕನಸು ಪೂರ್ತಿಯಾಗಿ ಹಳಿಗೇರಿತು. ವೇಗಕ್ಕೆ ನಾವು ಶತ್ರುಗಳಲ್ಲ. ವಿಮಾನಕ್ಕಿಂತಲೂ ಕಾರಿಗಿಂತಲೂ ರೈಲು ಲೇಸೆಂಬುದನ್ನು ಬಲ್ಲೆವು. ಹಾಗೆಂದು, ಸಾಮಾನ್ಯ ಡಬ್ಬಿಯಲ್ಲಿ ಒಂಟಿಕಾಲಲ್ಲಿ ನಿಂತು ಬರುವವನನ್ನು ಮರೆತು ವೇಗವನ್ನು ಕೊಂಡಾಡಲಾರೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ನಮ್ಮದೇ.

ಆದ್ದರಿಂದ, ಕರ್ನಾಟಕದ ನೆಲದಲ್ಲಿ ಅತಿವೇಗದ ಮಾರ್ಗದ ಒಂದು ಕಲ್ಲನ್ನಾದರೂ ನೆಡುವ ಮೊದಲು ನಮ್ಮ ಬೇಡಿಕೆಗಳು ಇವು.

ಒಂದು: ಹೊಸ ನಿಲ್ದಾಣ ಹಳೆಯ ನಿಲ್ದಾಣದ ಮಗ್ಗುಲಲ್ಲಿರಬೇಕು. ಅದು ಸಾಧ್ಯವೇ ಇಲ್ಲದಲ್ಲಿ ಸಾಮಾನ್ಯ ರೈಲೂ ಸರಕಾರಿ ಬಸ್ಸೂ ಮೊದಲ ದಿನದಿಂದಲೇ ಅದರ ಬಾಗಿಲಿಗೆ ಬರಬೇಕು.

ಎರಡು: ನಡೆದು ಬರುವವರಿಗೂ ಸೈಕಲ್ಲಿನವರಿಗೂ ಬಸ್ಸಿನವರಿಗೂ ಮುಂಬಾಗಿಲು, ಕಾರಿಗೆ ಆಮೇಲೆ. ಮೆಟ್ಟಿಲು, ಸೇತುವೆಗಳ ಅಗಲವನ್ನು ಜಾತ್ರೆಯ ದಿನದ ಜನಸಂಖ್ಯೆಯ ಮೇಲೆ ನಿರ್ಧರಿಸಬೇಕು.

ಮೂರು: ಸಿಮೆಂಟು, ವಿದ್ಯುತ್ತು, ನೀರು, ಮರ ಇವುಗಳ ಪೂರ್ಣ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಸಭೆ ಕರೆದು, ಜನರ ಮುಂದಿಡಬೇಕು.

ನಾಲ್ಕು: ಹಳೆಯ ವ್ಯಾಪಾರಿಗಳನ್ನು ಮೊದಲೇ ಎಣಿಸಿ, ಅಳತೆಯ ಬಾಡಿಗೆಗೆ ಅವರಿಗೇ ಮಳಿಗೆ ಕೊಡಬೇಕು. 2014ರ ಕಾನೂನಿನಲ್ಲಿ ರೈಲ್ವೆಗಿರುವ ವಿನಾಯಿತಿ ಹೋಗಬೇಕು.

ಐದು: ನೆಲ ಕೊಟ್ಟ ರೈತನಿಗೆ ಮುಂದೆ ಏರುವ ಬೆಲೆಯಲ್ಲೂ ಪಾಲಿರಬೇಕು. ಉಳಿದ ಏರಿಕೆ ಊರಿನ ಪುರಸಭೆಗೆ ಸೇರಬೇಕು, ದಲ್ಲಾಳಿಗಲ್ಲ.

ಆರು: ನಿಲ್ದಾಣ ಗುಡಿಸುವವರೂ ಕಾಯುವವರೂ ಗುತ್ತಿಗೆಯ ಆಳುಗಳಾಗದೆ ಖಾಯಂ ನೌಕರರಾಗಬೇಕು. ಅವರಿಗೂ ವಿಶ್ರಾಂತಿಯ ಕೋಣೆ, ನೀರು, ಕಕ್ಕಸು ನಕ್ಷೆಯಲ್ಲೇ ಇರಬೇಕು.

ಏಳು: ವೇಗದ ರೈಲು ಬಂತೆಂದು ಒಂದೇ ಒಂದು ಪ್ಯಾಸೆಂಜರ್ ಗಾಡಿಯನ್ನೂ ನಿಲ್ಲಿಸಕೂಡದು.

ಇವುಗಳಲ್ಲಿ ಯಾವುದಕ್ಕೂ ಜಪಾನಿನ ಸಾಲ ಬೇಕಾಗಿಲ್ಲ. ಬೇಕಾದದ್ದು ಬಡವನೂ ಪ್ರಯಾಣಿಕನೆಂದು ಒಪ್ಪುವ ಮನಸ್ಸು. ಆ ಮನಸ್ಸು ಆಳುವವರಿಗೆ ತಾನಾಗಿ ಬರುವುದಿಲ್ಲ, ಬರಿಸಬೇಕು. ಪ್ರತಿಯೊಂದು ಗಿರಣಿ ಯೂನಿಯನ್ನೂ ವರ್ತಕರ ಸಂಘವೂ ಈ ತಿಂಗಳ ಸಭೆಯಲ್ಲಿ ಇವನ್ನು ಠರಾವು ಮಾಡಿ ತಮ್ಮ ಪಾರ್ಲಿಮೆಂಟ್ ಸದಸ್ಯರಿಗೂ ರೈಲ್ವೆ ಮಂತ್ರಿಗಳಿಗೂ ಕಳುಹಿಸಬೇಕು. ಉತ್ತರ ಬರದಿದ್ದರೆ ಮುಂದಿನ ಸಭೆ ನಿಲ್ದಾಣದ ಬಾಗಿಲಲ್ಲೇ ಸೇರಲಿ. ನಡೆದೇ ಬರೋಣ.